ಕಾಫಿ ಮೂಟೆಗಳ ನಡುವೆ ತೆಗೆದ ಸದ್ದು

ನಮ್ಮ ಆರ್ಕೆಸ್ಟ್ರಾದ ಸಿ.ಡಿ.ಯನ್ನು ದೋಣಿಗಲ್ಲಿನ ಪರಮಶಿವಯ್ಯನವರ ಕಾಫಿ ಸ್ಟೋರಿನಲ್ಲೇ ರೆಕಾರ್ಡ್ ಮಾಡೋಣ ಅಂದವನು ಯೋಗಾನಂದ. ಸಕಲೇಶಪುರದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದವನು ಅವನು. ಟೇಪಿನ ಕಾಲ ಮುಗೀತು ಅಂತ ಒಂದು ಕಂಪ್ಯೂಟರ್ ತಂದು ತಾನೇ ಕುಟ್ಟಿ ಕೆಡವಿ ಹಾಡಿನ ಸದ್ದು ಬೆರೆಸುವ ಮಿಕ್ಸಿಂಗ್ ಕಲಿತಿದ್ದ. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಾನು ವಸಂತ. ಉಳಿದ ದಿನ ವನಗೂರು ಕಡೆ ಜೀಪು ಓಡಿಸೋದು, ಆರ್ಕೆಸ್ಟ್ರಾ ಇದ್ದ ದಿನ ಡ್ರಮ್ಸ್ ಬಾರಿಸೋದು.

ಸ್ಟೋರಿನ ತುಂಬ ಒಣಗಿದ ಕಾಫಿಯ ಗೋಣಿಮೂಟೆ. ಹೆಂಚಿನವರೆಗೆ ಪೇರಿಸಿದ ಆ ಮೂಟೆಗಳ ನಡುವೆ ಕೂತು ಬಾರಿಸಿದರೆ ಸದ್ದು ಅತ್ತಿತ್ತ ಅಲೆಯದೆ ನೇರ ಮೈಕಿಗೆ ಬಂದು ಬೀಳುತ್ತಿತ್ತು. ಅರ್ಧದಷ್ಟು ಹಾಡುಗಳನ್ನು ಹಾಗೆ ಮುಗಿಸಿದೆವು. ಅಷ್ಟರಲ್ಲಿ ಕಾಫಿಗೆ ರೇಟು ಬಂತು, ಪರಮಶಿವಯ್ಯನವರು ಮೂಟೆಗಳನ್ನೆಲ್ಲ ಲಾರಿಗೆ ಹಾಕಿಸಿಬಿಟ್ಟರು. ಮಿಕ್ಕ ಹಾಡುಗಳು ಖಾಲಿ ಸ್ಟೋರಿನಲ್ಲಿ ಆದವು. ಆಮೇಲೆ ಕೇಳಿದರೆ ಡ್ರಮ್ಮು ಎಲ್ಲೋ ದೂರದಲ್ಲಿ ಗುಂಯ್ ಅನ್ನುತ್ತಿದೆ. ಹಾಡುವ ಸುಬ್ಬಯ್ಯ, ಬಾವಿಯೊಳಗೆ ಇಳಿದು ಬಾರಿಸಿದ್ದೀಯೇನೋ ಮಾರಾಯ ಅಂತ ನಕ್ಕ. ನಾವು ಎಲ್ಲರೂ ಸೇರಿ ಮೈಕನ್ನು ಬೈದೆವು. ಅದನ್ನು ಬಿಚ್ಚಿದೆವು, ಒರೆಸಿದೆವು, ವೈರು ಬದಲಾಯಿಸಿದೆವು. ಕಾಫಿ ಮಾರಿದ್ದಕ್ಕೆ ಹಾಡು ಕೆಟ್ಟಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಯೋಗಾನಂದನಿಗೆ. ಪಾಳ್ಯದ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟಿನ ಮೂಟೆ ಹೊರಿಸಿ ತಂದು ನನ್ನ ಸುತ್ತ ಮತ್ತೆ ಗೋಡೆ ಕಟ್ಟಿಸಿದ. ಒಂದೊಂದೇ ಡ್ರಮ್ಮನ್ನು ಮೆಲ್ಲಗೆ, ಹದವಾಗಿ, ಜೋರಾಗಿ, ಬಿಟ್ಟು ಬಿಟ್ಟು ಹೊಡಿ ಅಂದ. ಒಳ್ಳೆ ಏಟುಗಳನ್ನು ಆರಿಸಿ, ಕಂಪ್ಯೂಟರಿನಲ್ಲಿ ಕೆಟ್ಟ ಏಟಿನ ಜಾಗಕ್ಕೆ ಕೂರಿಸುತ್ತಾನಂತೆ.

"ಬಾರ್ಸಿದ್ದು ನೀನೇ, ನಿನ್ ಕೈ ಹಂಗೇ ಇರ್ತೈತೆ," ಅಂದ. "ಸದ್ದಿಗೆ ಬಟ್ಟೆ ಬದ್ಲಾಯಿಸ್ತೀನಿ ಅಷ್ಟೇ."

ನಂಬದೆ ಇರೋಕೆ ಅವನೇನು ಬೇರೆಯವನೇ? ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಸದ್ದು ಗಟ್ಟಿ ಬರಲಿ ಅಂತ ಮನೆಯ ಕಂಬಳಿಯನ್ನೇ ತಂದು ಅದರೊಳಗೆ ತುರುಕಿದೆ. ಆ ಡ್ರಮ್ಮಿಗೂ ಚಳಿಯಾ ಅಂತ ನನ್ನ ಹೆಂಡತಿ ಚಂದ್ರಿಕಾ ಕೇಳಿದಳು. ಕೇಳಲಿ. ನನ್ನ ಲೆಕ್ಕ ಬೇರೆ ಇತ್ತು. ಹಾಸನದ ದೊಡ್ಡ ಆರ್ಕೆಸ್ಟ್ರಾದ ಗುಂಡಯ್ಯನವರು ಕಾಯಂ ಡ್ರಮ್ಮರ್ ಹುಡುಕುತ್ತಿದ್ದರು, ಈ ಸಿ.ಡಿ. ಕೇಳಿ ಹೇಳುತ್ತೇನೆ ಅಂದಿದ್ದರು. ಆ ಜಾಗ ಸಿಕ್ಕರೆ ಜೀಪಿನ ಸ್ಟೇರಿಂಗು ಬಿಡಬಹುದಿತ್ತು.

ಬಿಡುಗಡೆಯ ದಿನ ಸಕಲೇಶಪುರದ ಛತ್ರದಲ್ಲಿ ಗುಂಡಯ್ಯನವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಿ.ಡಿ. ಹಾಕಿದರು. ದೊಡ್ಡ ಡ್ರಮ್ಮಿನ ಒದೆತ ಎದೆಗೇ ಬಂದು ಬಡಿಯಿತು. ನನಗಂತೂ ಮೈ ಜುಮ್ಮೆಂದಿತು. ಆಮೇಲೆ ನಿಧಾನದ ಹಾಡು ಬಂತು. ಅದರಲ್ಲಿ ಸುಬ್ಬಯ್ಯ ಸಾಲಿನ ಕೊನೆಯನ್ನು ಎಳೆಯುತ್ತಾನೆ. ನಾನು ಕೋಲು ಎತ್ತಿ ಹಿಡಿದು ಅವನಿಗೆ ಕಾಯುತ್ತೇನೆ, ಅವನು ಉಸಿರು ಬಿಟ್ಟಮೇಲೆ ಏಟು ಹಾಕುತ್ತೇನೆ. ವರ್ಷಗಟ್ಟಲೆ ಹಾಗೇ ಬಾರಿಸಿದ್ದೇವೆ. ಸಿ.ಡಿ.ಯಲ್ಲಿ ಡ್ರಮ್ಮು ಕಾಯಲಿಲ್ಲ. ಗಿರಣಿಯ ಹಾಗೆ ಹೋಗುತ್ತಲೇ ಇತ್ತು, ಸುಬ್ಬಯ್ಯನ ಗಂಟಲು ಅದರ ಹಿಂದೆ ಓಡುತ್ತಿತ್ತು. ಸದ್ದು ನನ್ನದು, ಕಂಬಳಿ ಸಮೇತ ನನ್ನದು. ಕೈ ಮಾತ್ರ ನನ್ನದಲ್ಲ.

ಹಾಡು ಮುಗಿದಮೇಲೆ ಮೈಕಿನಲ್ಲಿ ಒಬ್ಬೊಬ್ಬರನ್ನೇ ಹಾರ ಹಾಕಿಸಿಕೊಳ್ಳಲು ಕರೆದರು. ಡ್ರಮ್ಸ್ ಅಂದಾಗ ನಾನು ಎದ್ದೇ ಬಿಟ್ಟಿದ್ದೆ. ಕರೆದದ್ದು ನವೀನ್‌ಕುಮಾರನನ್ನು, ಪರಮಶಿವಯ್ಯನವರ ಮಗನನ್ನು, ನಮ್ಮಲ್ಲಿ ಕೀಬೋರ್ಡ್ ಬಾರಿಸುವವನನ್ನು. ಅವನು ನನ್ನ ಕಡೆ ನೋಡದೆ ಮೇಲೆ ಹೋದ. ಗುಂಡಯ್ಯನವರು ಎದ್ದು ಹೋಗಿ ಅವನ ಕೈ ಕುಲುಕಿ, ಇಂಥ ಸದ್ದು ಕೇಳಿ ಬಹಳ ದಿನ ಆಗಿತ್ತು ಅಂದರು. ನಾನು ನಿಂತವನು, ನೀರು ಕುಡಿಯೋಕೆ ಎದ್ದವನ ಹಾಗೆ ಹೊರಗೆ ನಡೆದೆ.

ಯೋಗಾನಂದನನ್ನು ಅಡಿಗೆಮನೆಯ ಹಿಂದೆ ಹಿಡಿದುಕೊಂಡೆ. ಅವನು ಜಗಳಕ್ಕೆ ಬರಲಿಲ್ಲ, ರೇಡಿಯೋ ರಿಪೇರಿಗೆ ಕೊಟ್ಟವರಿಗೆ ವಿವರಿಸುವ ಹಾಗೆ ವಿವರಿಸಿದ. ನನ್ನ ಕೈ ಹಾಡುವವನ ಜೊತೆ ಹಿಂದೆ ಮುಂದೆ ಓಡಾಡುತ್ತದೆ, ಕಂಪ್ಯೂಟರ್ ಅಳೆದು ಎಳೆದ ತಾಳದ ಗೆರೆಗೆ ಕೂರುವುದಿಲ್ಲ. ಅದಕ್ಕೆ ನವೀನನ ಕೈಲಿ ಕೀಬೋರ್ಡಿನಲ್ಲಿ ತಾಳ ಹಾಕಿಸಿ, ಅದರ ಮೇಲೆ ನನ್ನ ಸದ್ದು ಇಟ್ಟನಂತೆ. ಬಾರಿಸಿದವನು ಅವನು, ಹಾಗಾಗಿ ಹೆಸರೂ ಅವನದ್ದು.

"ಇದ್ನ ಯಾವಾಗ ತೀರ್ಮಾನ ಮಾಡ್ದೆ?"

ಅವನು ಪಾತ್ರೆ ತೊಳೆಯುವ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದ.

"ಹೊಟ್ಟಿನ ಮೂಟೆ ತರ್ಸೋಕೆ ಮುಂಚೆ," ಅಂದ. "ಮೊದ್ಲೇ ಹೇಳಿದ್ರೆ ಸದ್ದು ಕೊಡ್ತಿದ್ಯೇನೋ ನೀನು?"

ನವೀನ ಹಾಸನದ ಆರ್ಕೆಸ್ಟ್ರಾಕ್ಕೆ ಡ್ರಮ್ಮರಾಗಿ ಸೇರಿದ. ಕೋಲಲ್ಲಿ ತಟ್ಟಿದರೆ ಯಾವ ಸದ್ದು ಬೇಕೋ ಅದು ಬರುವ ಒಂದು ಪ್ಯಾಡು ಕೊಂಡಿದ್ದಾನೆ, ಅದಕ್ಕೆ ನನ್ನ ಏಟುಗಳನ್ನೆಲ್ಲ ತುಂಬಿಸಿಕೊಂಡಿದ್ದಾನೆ ಅಂತ ಸುಬ್ಬಯ್ಯ ಹೇಳಿದ. ನನ್ನ ಡ್ರಮ್ಸ್ ಇನ್ನೂ ಸ್ಟೋರಿನಲ್ಲೇ ಇತ್ತು. ತರೋಣ ಅಂತ ಜೀಪು ತಗೊಂಡು ಹೋದರೆ, ಯೋಗಾನಂದ ಆಗಲೇ ಮೈಕು ನಿಲ್ಲಿಸಿಕೊಂಡು ಕೂತಿದ್ದ. ಸಿಂಬಲ್ಲಿನ, ಆ ಹಿತ್ತಾಳೆ ತಟ್ಟೆಯ ಸದ್ದು ಒಂದು ಸರಿಯಾಗಿ ಬಂದಿಲ್ಲ, ಹಾಸನದವರು ಕೇಳುತ್ತಿದ್ದಾರೆ, ಹೋಗೋ ಮುಂಚೆ ಒಂದೇ ಏಟು ಹಾಕಿಕೊಡು ಅಂದ.

ನನ್ನದನ್ನೆಲ್ಲ ಅಳಿಸಿಬಿಡು ಅಂದೆ.

"ನನ್ ಹತ್ರ ಇರೋದ್ನ ಈಗ್ಲೇ ಅಳಿಸ್ತೀನಿ ಕಣೋ. ನವೀನನ ಹತ್ರ ಹೋಗ್ಬುಟ್ಟೈತಲ್ಲ, ಅದ್ನ ಎಲ್ಲಿಂದ ಅಳಿಸ್ಲಿ?"

ನಾನು ಬಗ್ಗಿ ಸಾಮಾನು ಎತ್ತಲು ಶುರುಮಾಡಿದೆ. ಅವನು ಮೈಕು ತೆಗೆಯಲಿಲ್ಲ. ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಒಂದೊಂದು ಡ್ರಮ್ಮನ್ನೂ ಸದ್ದಾಗದಂತೆ ಚರ್ಮದ ಮೇಲೆ ಅಂಗೈ ಒತ್ತಿ ಹಿಡಿದು, ಬಾಗಿಲಿಗೆ ತಾಗದ ಹಾಗೆ ಅಡ್ಡಡ್ಡ ನಡೆದು ಜೀಪಿಗೆ ಸಾಗಿಸಿದೆ. ಕೊನೆಗೆ ಸಿಂಬಲ್ಲನ್ನು ಎರಡು ತೋಳಲ್ಲೂ ಎದೆಗೆ ಅವುಚಿಕೊಂಡು ಹೊರಗೆ ಬಂದೆ, ಉಸಿರೂ ಬಿಡದೆ.