ಒಂದು ಪಾಕೀಟು, ಐದು ಗ್ಲಾಸು

ಕಾಲುವೆಗೆ ನೀರು ಬಿಟ್ಟರೆ ಕೊಡೇಕಲ್ ಕಡೆಯ ಊರುಗಳಲ್ಲಿ ಭತ್ತದ ನಾಟಿ ಶುರು. ಅದರ ಬೆನ್ನಿಗೇ ಮಕ್ಕಳ ವಾಂತಿ-ಭೇದಿಯೂ ಶುರು. ಗದ್ದೆಗೆ ಬಂದ ಕೂಸು ಬಾಯಾರಿ ಕಾಲುವೆ ನೀರನ್ನೇ ಕುಡಿಯುತ್ತದೆ, ನಾವು ನೋಡಿಯೂ ನೋಡದಂತೆ ಇರುತ್ತೇವೆ.

ರತ್ನಾಬಾಯಿಯ ಎರಡು ವರ್ಷದ ಮಗಳಿಗೆ ಬೆಳಗಿನಿಂದ ಎಂಟು ಸಲ ಭೇದಿಯಾಗಿತ್ತು. ಕಣ್ಣು ಗುಳಿಬಿದ್ದಿದ್ದವು. ಅಳುತ್ತಿದ್ದಳು, ಆದರೆ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗಂಡ ಪರಮಣ್ಣ ಸುರಪುರದ ಆಸ್ಪತ್ರೆಗೆ ಹೋಗಲು ಟಂಟಂ ಆಟೋ ಹುಡುಕಿಕೊಂಡು ಓಡಿದ್ದ. ಮನೆಯಲ್ಲಿ ಇದ್ದದ್ದು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಒಂದೇ ಒಂದು ಓಆರ್‌ಎಸ್ ಪಾಕೀಟು. ಅತ್ತೆ ಶೇಖಮ್ಮ ಅದನ್ನು ಹರಿದು, ಪುಡಿಯನ್ನೆಲ್ಲ ಒಂದೇ ಗ್ಲಾಸು ನೀರಿಗೆ ಸುರಿದು ಕದಡಿದಳು. ಚಮಚ ಮಗುವಿನ ಬಾಯಿಯ ಹತ್ತಿರ ಹೋಗಿತ್ತು.

"ತಡೀರಿ ದೊಡ್ಡವ್ವಾ!" ಹಾಲು ಹಾಕಲು ಬಂದ ಗೌಹರಬೇಗಂ ಅವಳ ಕೈ ಹಿಡಿದಳು. "ಎಷ್ಟು ನೀರಿಗೆ ಕಲಸೀರಿ?"

"ಒಂದು ಗಿಲಾಸಿಗೆ. ಹೋದ ಸಲ ಹಂಗ ಮಾಡಿದ್ವಿ, ಆರಾಮ ಆಗಿತ್ತು."

"ಅದು ಸಣ್ಣ ಪಾಕೀಟು, ಇನ್ನೂರು ಮಿಲಿದು. ಇದರ ಮ್ಯಾಲ ಒಂದು ಲೀಟರ್ ಅಂತ ಬರದಾರ ನೋಡ್ರಿ. ಲೀಟರ್ ಅಂದ್ರ ಸಾವಿರ ಮಿಲಿ."

"ಕೂಸಿನ ಜೀವ ಹೋಗಾಕತ್ತದ, ನೀ ಲೆಕ್ಕ ಹೇಳಾಕತ್ತಿ! ಗಟ್ಟಿ ಇದ್ರ ಔಷಧ ಲಗೂನ ಹತ್ತತದ."

"ಗಟ್ಟಿ ಆದ್ರ ಉಪ್ಪು ಹೆಚ್ಚಾಗಿ ಕೂಸಿಗೇ ಕುತ್ತು. ಕಣ್ಣೀರಿಗಿಂತ ಹೆಚ್ಚು ಉಪ್ಪು ಇರಬಾರದಂತ ಆಶಾ ಅಕ್ಕ ಹೇಳ್ಯಾಳ. ನೀವ ರುಚಿ ನೋಡ್ರಿ."

ಶೇಖಮ್ಮ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವಿಚಿದಳು. ಚಮಚ ಕೆಳಗಿಟ್ಟಳು.

"ಬೇಗಂ ಅಕ್ಕಾ, ಈಗ ಏನ್ ಮಾಡೋದು? ಇದ್ದದ್ದೊಂದ ಪಾಕೀಟು!" ರತ್ನಾಬಾಯಿ ಖಾಲಿ ಪಾಕೀಟನ್ನು ತಿರುವಿ ನೋಡಿದಳು.

"ಕಾಸಿ ಆರಿಸಿದ ನೀರು ಅದ ಇಲ್ಲ? ತಾ."

ಗೌಹರಬೇಗಂ ತನ್ನ ಹಾಲಿನ ಮಾಪನ್ನು ಬಿಸಿನೀರಲ್ಲಿ ತೊಳೆದಳು. ಅರ್ಧ ಲೀಟರ್, ಅಂದರೆ ಐದುನೂರು ಮಿಲಿ ಹಿಡಿಯುವ ಮಾಪು ಅದು. ಅದರ ತುಂಬ ನೀರು ತುಂಬಿ ಮನೆಯ ಗ್ಲಾಸುಗಳಿಗೆ ಸುರಿದಳು. ಎರಡೂವರೆ ಗ್ಲಾಸು ತುಂಬಿದವು. ಅಳತೆ ಕಡಿಮೆ ಎಂದು ದಿನಾ ಜಗಳ ತೆಗೆಯುವ ಶೇಖಮ್ಮ ಈಗ ತಾನೇ ಗ್ಲಾಸು ಎಣಿಸಿದಳು.

"ಎರಡು ಮಾಪಿಗೆ ಐದು ಗಿಲಾಸ್. ಅದ ಒಂದು ಲೀಟರ್. ಪುಡಿ ಕಲಸಿದ್ದು ಒಂದು ಗಿಲಾಸ್ ಆತು. ಇನ್ನ ನಾಕು ಗಿಲಾಸ್ ಸೇರಸ್ರಿ," ಗೌಹರಬೇಗಂ ಲೆಕ್ಕ ಹೇಳಿದಳು.

ಚಮಚ ಚಮಚವಾಗಿ ಕುಡಿಸಿದರು. ಮಗು ಕಕ್ಕಿತು. ಶೇಖಮ್ಮ ಎದೆ ಬಡಿದುಕೊಂಡಳು. "ಹತ್ತು ಮಿನಿಟ್ ತಡದು ಮತ್ತ ಕೊಡ್ರಿ, ಬಿಡಬ್ಯಾಡ್ರಿ," ಎಂದಳು ಗೌಹರಬೇಗಂ. ಟಂಟಂ ಬಂತು. ದಾರಿಯುದ್ದಕ್ಕೂ ರತ್ನಾಬಾಯಿ ಚಮಚ ಬಿಡಲಿಲ್ಲ. ಸುರಪುರ ಇನ್ನೇನು ಬಂತು ಎನ್ನುವಾಗ ಮಗು ಅತ್ತಿತು. ಶೇಖಮ್ಮ ಅದರ ಕೆನ್ನೆ ಮುಟ್ಟಿ ಕೂಗಿದಳು: "ರತ್ನಾ, ಕಣ್ಣಾಗ ನೀರು ಬಂತು!"

ಅಕ್ಕತಂಗಿಯರೇ, ನಿಮ್ಮ ಮನೆಯ ಗ್ಲಾಸು ಎಷ್ಟು ಮಿಲಿ ಹಿಡಿಯುತ್ತದೆ, ಗೊತ್ತೇ? ಹಾಲಿನ ಮಾಪಿನಿಂದಲೋ ಲೀಟರ್ ಬಾಟಲಿಯಿಂದಲೋ ಇಂದೇ ಅಳೆದು ನೋಡಿ. ಪಾಕೀಟಿನ ಮೇಲೆ ಬರೆದಷ್ಟೇ ನೀರು ಹಾಕಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಲಸಿದ್ದು ಒಂದು ದಿನ ದಾಟಿದರೆ ಚೆಲ್ಲಿ. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಓದಲು ಬಾರದಿದ್ದರೆ ನೆರೆಮನೆಯವರನ್ನು ಕೇಳಿ. ಕೇಳಲು ನಾಚಿಕೊಂಡು ಕೂಸನ್ನು ಕಳೆದುಕೊಳ್ಳಬೇಡಿ.