ಮೂರು ಎಳೆಯ ಗಂಟು

ಬೆಳಿಗ್ಗೆ ಏಳೂ ಹತ್ತಕ್ಕೆ ಬಲೆ ರಿಪೇರಿಯ ಶೆಡ್ಡಿಗೆ ತೂತು ಬಿದ್ದ ಬಲೆಯೊಂದು ಬಂತು. ಅದನ್ನು ಹೊತ್ತು ತಂದವನು ದೋಣಿಯ ಮಾಲೀಕ. ಅವನ ಬೆನ್ನಿಗೇ ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದಳು. ದಾರಿಯುದ್ದಕ್ಕೂ ಇಬ್ಬರೂ ಕಚ್ಚಾಡಿಕೊಂಡೇ ಬಂದಿದ್ದಾರೆಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಶೆಡ್ಡಿನಲ್ಲಿ ಬಲೆ ಹೆಣೆಯುತ್ತಿದ್ದ ಬಲೆಗಾರ್ತಿ ಕೈಯಲ್ಲಿದ್ದ ಸೂಜಿ ಕೆಳಗಿಡಲಿಲ್ಲ. ಮಾಲೀಕ ಅವಳ ಒಡಹುಟ್ಟಿದ ತಮ್ಮ.

"ಅಕ್ಕಾ, ನೀನಾದ್ರೂ ಹೇಳು. ನನ್ನ ಮಾತು ಇವರ ಕಿವಿಗೆ ಹೋಗ್ತಿಲ್ಲ."

"ಕಿವಿಗೆ ಹೋಗಿದೆ ರೀ. ನಂಬಿಕೆ ಬಂದಿಲ್ಲ, ಅಷ್ಟೇ," ಎಂದಳು ಇನ್‌ಸ್ಪೆಕ್ಟರ್.

ಹಿಂದಿನ ಸಂಜೆ ಅವನ ಬಲೆಯಲ್ಲಿ ಗರಗಸ ಮೀನು ಸಿಕ್ಕಿದ್ದನ್ನು ಪಕ್ಕದ ದೋಣಿಯವರು ಕಂಡು ಇಲಾಖೆಗೆ ತಿಳಿಸಿದ್ದರು. ಮೂತಿಯೇ ಉದ್ದನೆಯ ಗರಗಸದಂತಿರುವ, ಅಳಿವಿನ ಅಂಚಿನಲ್ಲಿರುವ ಮೀನು ಅದು. ಸಿಕ್ಕರೆ ಬಲೆ ಕೊಯ್ದಾದರೂ ಜೀವಂತ ಬಿಡಬೇಕು. ಕೊಂದರೆ ದೋಣಿಯ ಲೈಸೆನ್ಸ್ ಹೋಗುತ್ತದೆ.

"ಬಿಟ್ಟಿದೀನಿ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಅದು ಒದ್ದಾಡ್ತಿತ್ತು, ಕೈಗೆ ಸಿಕ್ಕಲ್ಲಿ ಕೊಯ್ದು ಬಿಟ್ಟೆ. ಆಮೇಲೆ ಆ ತೂತನ್ನ ಯಾರೂ ಮುಟ್ಟಿಲ್ಲ. ಹಾಗೇ ತಂದಿದೀನಿ. ನೋಡ್ಕೊಳ್ಳಿ."

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ರಿಜಿಸ್ಟರನ್ನು ಬಲೆಗಾರ್ತಿಯ ಕಡೆ ತಳ್ಳಿದಳು. ಪ್ರತಿ ಬಲೆಯೂ ಯಾವುದರಿಂದ ಹರಿಯಿತೆಂದು ಅದರಲ್ಲಿ ಬರೆದು ಬಲೆಗಾರ್ತಿ ಸಹಿ ಹಾಕಬೇಕು. ಇಲಾಖೆ ಅದನ್ನು ಸಾಕ್ಷಿಯೆಂದು ಒಪ್ಪುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಸಹಿಯನ್ನು ಯಾರೂ ಪ್ರಶ್ನಿಸಿರಲಿಲ್ಲ.

ಅವಳು ಬಲೆಯನ್ನು ಕೊಕ್ಕೆಗೆ ಸಿಕ್ಕಿಸಿ ತೂತು ಬಿಡಿಸಿದಳು. ಅಪ್ಪನ ಕಾಲದ ರಿಜಿಸ್ಟರಿನಲ್ಲಿ 'ಗರಗಸ ಮೀನಿನಿಂದ' ಎಂಬ ನಮೂದುಗಳು ವರ್ಷಕ್ಕೆ ಏಳೆಂಟು ಇರುತ್ತಿದ್ದವು. ಅವಳ ಕೈಬರಹದಲ್ಲಿ ಒಂದೇ ಇತ್ತು, ಹತ್ತೊಂಬತ್ತು ವರ್ಷ ಹಿಂದಿನದು. ಆ ಬಲೆ ತಿರುಚಿ ಮುದ್ದೆಯಾಗಿತ್ತು, ಬಿಡಿಸುವುದಕ್ಕೇ ಎರಡು ದಿನ ಹಿಡಿದಿತ್ತು. ಈ ತೂತು ಕಿಟಕಿಯ ಹಾಗೆ ಚೊಕ್ಕವಾಗಿತ್ತು. ಮೇಲ್ತುದಿಯ ಗಂಟಿನಲ್ಲಿ ಕೂಡುವ ನಾಲ್ಕು ಎಳೆಗಳ ಪೈಕಿ ಮೂರು ಉಳಿದಿದ್ದವು. ಕೆಳತುದಿಯಲ್ಲೂ ಮೂರು.

ಮತ್ತೆ ಹೆಣೆಯಬೇಕಾದ ತೂತನ್ನು ಹೀಗೆ ಓರಣ ಮಾಡುತ್ತಾರೆ. ಮೂರೆಳೆಯ ಗಂಟಿನಿಂದ ಶುರುಮಾಡಿ ಮೂರೆಳೆಯ ಗಂಟಿನಲ್ಲೇ ಮುಗಿಸಿದರೆ ಹೆಣಿಗೆ ಸರಿಯಾಗಿ ಕೂರುತ್ತದೆ. ತಮ್ಮನಿಗೆ ಎಂಟು ವರ್ಷವಾಗಿದ್ದಾಗ ಅದನ್ನು ಕಲಿಸಿದ್ದು ಅವಳೇ, ಬೆರಳ ಗೆಣ್ಣಿಗೆ ಸೂಜಿಯಿಂದ ಬಾರಿಸಿ.

"ಮೀನು ಒದ್ದಾಡ್ತಿತ್ತು ಅಂದೆ. ಬಲೆಯ ಕಣ್ಣು ಎಣಿಸಿ ಕೊಯ್ಯೋಕೆ ಪುರುಸೊತ್ತು ಹೇಗೆ ಸಿಕ್ತೋ?"

ತಮ್ಮ ರಿಜಿಸ್ಟರನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದ. "ಸಹಿ ಹಾಕಕ್ಕಾ, ಸಾಕು."

"ಏನು ಕಾಣಿಸ್ತು?" ಇನ್‌ಸ್ಪೆಕ್ಟರ್ ಮುಂದೆ ಬಗ್ಗಿದಳು.

"ನೀವು ಸ್ವಲ್ಪ ಸುಮ್ನಿರಿ ಮೇಡಂ," ಎಂದಳು ಬಲೆಗಾರ್ತಿ. "ದೊಡ್ಡ ಹಡಗುಗಳು ಸಮುದ್ರ ಬಳಿದುಕೊಂಡು ಹೋಗೋವಾಗ ನಿಮ್ಮ ಕಣ್ಣು ಎಲ್ಲಿರುತ್ತೋ! ಬಡಪಾಯಿ ದೋಣಿ ಕಂಡ್ರೆ ಓಡಿ ಬರ್ತೀರಿ."

"ಹಾಗೆ ಹೇಳಕ್ಕಾ!" ತಮ್ಮನಿಗೆ ಜೀವ ಬಂತು.

"ನೀನೂ ಬಾಯಿ ಮುಚ್ಚು. ಸುಳ್ಳಿಗೂ ನಾನು ಕಲಿಸಿದ ಕೆಲಸವೇ ಬೇಕಾಯ್ತಾ ನಿಂಗೆ?"

ಅವನು ಮೇಜಿನ ಕಾಲು ಒದ್ದ. "ಲೈಸೆನ್ಸ್ ಹೋದ್ರೆ ನನ್ನ ಮನೆ ಒಲೆ ಹತ್ತಲ್ಲ. ನೀನು ಯಾರಿಗೆ ಅಕ್ಕ? ನನಗಾ, ಆ ಮೀನಿಗಾ?"

"ಆ ಮೀನು ನನ್ನ ಹತ್ರ ಸುಳ್ಳು ಹೇಳಿಲ್ಲ."

ಅವಳು ಪೆನ್ನೆತ್ತಿ ನಿಂತೇ ಬರೆದಳು: "ತೂತು ಚಾಕುವಿನದು. ಕಣ್ಣು ಎಣಿಸಿ, ಹೆಣಿಗೆಗೆ ಅನುಕೂಲವಾಗುವಂತೆ ನಿಧಾನವಾಗಿ ಕೊಯ್ದದ್ದು. ಮೀನು ಒದ್ದಾಡಿದ ಗುರುತಿಲ್ಲ." ಕೆಳಗೆ ಸಹಿ ಹಾಕಿದಳು.

ಓದಿದ ಇನ್‌ಸ್ಪೆಕ್ಟರ್ ಥ್ಯಾಂಕ್ಸ್ ಎಂದಳು.

"ನಿಮಗೋಸ್ಕರ ಬರೆದಿದ್ದಲ್ಲ. ಹೊರಗೆ ನಡೀರಿ, ಬೆಳಕಿಗೆ ಅಡ್ಡ ನಿಂತಿದೀರಿ."

ಒಂಬತ್ತೂವರೆಗೆ ದೋಣಿಯ ಐಸ್ ಪೆಟ್ಟಿಗೆಯ ತಳದಲ್ಲಿ, ಗೋಣಿಯಲ್ಲಿ ಸುತ್ತಿಟ್ಟ ಒಂದು ಮೀಟರ್ ಹನ್ನೆರಡು ಸೆಂಟಿಮೀಟರ್ ಉದ್ದದ ಗರಗಸದ ಮೂತಿ ಸಿಕ್ಕಿತು. ಮೀನಿನ ಉಳಿದ ಭಾಗ ಸಿಗಲಿಲ್ಲ. ಲೈಸೆನ್ಸ್ ಒಂದು ವರ್ಷಕ್ಕೆ ಅಮಾನತಾಯಿತು. ಅದೇ ಮಧ್ಯಾಹ್ನ ತಮ್ಮ ಶೆಡ್ಡಿಗೆ ಬಂದು, ಬಲೆಯನ್ನು ಕೊಕ್ಕೆಯಿಂದ ಕಿತ್ತು, ಹೆಣೆಯಲು ರಸ್ತೆಯಾಚೆಯ ಶೆಡ್ಡಿನವರಿಗೆ ಕೊಟ್ಟ.