ಹುಚ್ಚಿನಲ್ಲೊಂದು ಪಾಲು

"ಎರಡೇ ಮಾತು ಹೇಳಿದ್ರೆ ಸಾಕಮ್ಮ," ಎಂದು ವಕೀಲರು ಸಾಕ್ಷಿಯ ಕಟಕಟೆಯತ್ತ ಹೊರಟವಳ ಕಿವಿಯ ಬಳಿ ಬಗ್ಗಿದರು. "ಹುಚ್ಚಿನ ನಾಟಕ ನನಗೂ ಗೊತ್ತಿರ್ಲಿಲ್ಲ, ಆದ್ರೂ ಗಂಡನ್ನ ಕ್ಷಮಿಸಿದೀನಿ ಅನ್ನಿ. ವಂಚನೆಗೆ ಮೂರು ವರ್ಷ, ಕೋರ್ಟಿಗೇ ಟೋಪಿ ಹಾಕಿದ್ದಕ್ಕೆ ಎರಡು. ಎರಡೂ ಶಿಕ್ಷೆ ಒಟ್ಟಿಗೇ ನಡೀಲಿ ಅಂತ ಕೇಳ್ಕೊಂಡಿದೀನಿ. ಮೂರಕ್ಕೇ ಹೊರಗೆ ಬರ್ತಾರೆ."

ಗೊತ್ತಿರಲಿಲ್ಲ ಎನ್ನುವುದು ಸುಳ್ಳೇನಲ್ಲ. ಒಂದೇ ಮನೆಯನ್ನು ಮೂವರಿಗೆ ಮಾರಿದ ದಲ್ಲಾಳಿ ಗಂಡ, ಸಿಕ್ಕಿಬಿದ್ದ ವಾರವೇ ತಲೆಕೆಟ್ಟವನಾಗಿದ್ದ. ಅವಳನ್ನು ಕಂಡರೆ "ನೀವ್ಯಾರು?" ಎನ್ನುತ್ತಿದ್ದ. ಹೊಲಿಗೆ ಯಂತ್ರ ಮುಚ್ಚಿಟ್ಟು ದಿನವೂ ಆಸ್ಪತ್ರೆಗೆ ಓಡಿ, ತುತ್ತು ಮಾಡಿ ಉಣ್ಣಿಸಿ, ಬಾಯಿ ಒರೆಸಿ, ಪ್ರತಿ ಸಲವೂ ತನ್ನ ಹೆಸರು ಹೇಳಿದ್ದಳು.

ಆಸ್ಪತ್ರೆಯ ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತದೆಂದು ಆ ಮಹಾ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಹೋದ ತಿಂಗಳು ಅದನ್ನು ಇಡೀ ಕೋರ್ಟಿಗೆ ಕೇಳಿಸಿದರು. ಅಕ್ಕನ ಜೊತೆ ಹರಟೆಯೋ ಹರಟೆ. "ಇವಳಿಗೆ ಮಾತ್ರ ಹೇಳ್ಬೇಡ ಅಕ್ಕಾ, ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ. ನಿಜವಾಗಿ ಅಳ್ಲಿ ಬಿಡು, ಡಾಕ್ಟ್ರು ನಂಬ್ತಾರೆ!" ಅದಕ್ಕೆ ಆ ಅಕ್ಕನ ಕಿಲಕಿಲ ನಗು.

ಆ ನಗು ಅವಳ ಹೊಟ್ಟೆಗೆ ಕೆಂಡ ಸುರಿದಿತ್ತು. ಇವಳು ಬಸುರಾದ ಸುದ್ದಿಯನ್ನೂ ಅವನು ತನ್ನ ತಾಯಿಗಿಂತ ಮೊದಲು ಅಕ್ಕನಿಗೆ ಹೇಳಿದ್ದ. ಇರಲಿ, ಒಡಹುಟ್ಟಿದವಳು ಎಂದುಕೊಂಡಿದ್ದಳು. ಹುಚ್ಚಿನಲ್ಲೂ ಅವಳಿಗೇ ಪಾಲೆ? ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ಗಂಡನ ಅಕ್ಕನ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರ ಮುಂದೆ ಹೇಳಿಕೊಳ್ಳುವುದು?

ಈಗಲೂ ಆ ಅಕ್ಕ ಮುಂದಿನ ಬೆಂಚಿನಲ್ಲಿ ಕೂತು ತಮ್ಮನಿಗೆ ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದಳು. ಅವನ ಕಣ್ಣೂ ಅಕ್ಕನ ಮೇಲೆಯೇ.

"ಅವರು ನಾಟಕ ಆಡ್ತಿದ್ದದ್ದು ನಿಮಗೆ ಗೊತ್ತಿತ್ತೇನಮ್ಮ?" ನ್ಯಾಯಾಧೀಶರು ಮೆತ್ತಗೆ ಕೇಳಿದರು. ಪಾಪ, ಇವಳೂ ಮೋಸಹೋದವಳು ಎಂಬ ಕನಿಕರ ಆ ದನಿಯಲ್ಲಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಗೊತ್ತಿತ್ತು ಸ್ವಾಮಿ. ಎಲ್ಲರಿಗಿಂತ ಮೊದಲು ನನಗೇ ಹೇಳಿದ್ದು. ಇಬ್ರೂ ಕೂತೇ ಯೋಚನೆ ಮಾಡಿದ್ವಿ. ಫೋನಲ್ಲಿ ಹಾಗಂದಿದ್ದು ಇವರಕ್ಕನ್ನ ನಂಬಿಸೋಕೆ."

"ಸುಳ್ಳು!" ಅಕ್ಕ ಎದ್ದೇಬಿಟ್ಟಳು. "ನನಗೇ ಮೊದ್ಲು ಹೇಳಿದ್ದು!" ಪೇದೆ ಅವಳನ್ನು ಕೂರಿಸಬೇಕಾಯಿತು. ವಕೀಲರು ಹಣೆ ಹಿಡಿದುಕೊಂಡರು.

ನ್ಯಾಯಾಧೀಶರ ದನಿಯಲ್ಲಿ ಈಗ ಕನಿಕರವಿರಲಿಲ್ಲ. ಮನೆಮಂದಿಯೆಲ್ಲ ಸೇರಿ ಆಡಿದ ಆಟಕ್ಕೆ ರಿಯಾಯಿತಿ ಇಲ್ಲ, ಮೂರು ವರ್ಷ ಮುಗಿದ ಮೇಲೆಯೇ ಉಳಿದ ಎರಡು ಎಂದರು. ಹೆಂಡತಿಯ ಮೇಲೂ ವಿಚಾರಣೆ ನಡೆಯಲಿ ಎಂದು ಬರೆಸಿದರು.

ತೋಳು ಹಿಡಿದು ಎಳೆದೊಯ್ಯುವಾಗ ಗಂಡ ಅಕ್ಕನ ಕಡೆ ತಿರುಗಲಿಲ್ಲ. ಕಟಕಟೆಯಲ್ಲಿ ನಿಂತವಳನ್ನೇ ಬಾಗಿಲು ದಾಟುವವರೆಗೂ ಕತ್ತು ಹೊರಳಿಸಿ ಹೊರಳಿಸಿ ನೋಡುತ್ತ ಹೋದ. ಅವಳು ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು.